ಕೈತೂಕದ ಗಿಫ್ಟು

ಅನುಮಾನ ನನ್ನ ಹುಟ್ಟುಗುಣವಲ್ಲ, ಅದು ನನ್ನ ನೌಕರಿ. ಸಂಡೂರು ತಾಲೂಕಿನ ಯಶವಂತನಗರದ ಹತ್ತಿರ ಒಂದು ಗಣಿಯ ವೇಬ್ರಿಡ್ಜಿನಲ್ಲಿ ಕೂತು ಹದಿನೆಂಟು ವರ್ಷದಿಂದ ಅದಿರಿನ ಲಾರಿ ತೂಗುತ್ತಿದ್ದೇನೆ. ಡ್ರೈವರುಗಳು ಅದನ್ನು ಕಾಟಾ ಅನ್ನುತ್ತಾರೆ, ನನ್ನನ್ನು ಕಾಟಾ ಸಾಹೇಬ್ರು ಅನ್ನುತ್ತಾರೆ. ಬೆನ್ನ ಹಿಂದೆ ಇನ್ನೇನೋ ಅನ್ನುತ್ತಾರೆಂಬ ಅನುಮಾನವೂ ನನಗಿದೆ. ಖಾಲಿ ಲಾರಿಯನ್ನು ಒಮ್ಮೆ ತೂಗಬೇಕು, ತುಂಬಿದ ಲಾರಿಯನ್ನು ಒಮ್ಮೆ ತೂಗಬೇಕು, ವ್ಯತ್ಯಾಸ ಬರೆದು ಚೀಟಿ ಕೊಡಬೇಕು. ಕೇಳುವುದಕ್ಕೆ ಇಷ್ಟೇ. ಆದರೆ ಖಾಲಿ ಲಾರಿ ಬರುವಾಗ ಸೀಟಿನ ಹಿಂದೆ ನೀರು ತುಂಬಿದ ಡ್ರಮ್ಮು, ಮೂರು ಜಾಕು, ಅತ್ತೆಮನೆಗೆ ಒಯ್ಯುವ ಅಕ್ಕಿಚೀಲ ಎಲ್ಲವೂ ಇರುತ್ತವೆ. ಅದಿರು ತುಂಬಿಕೊಂಡು ಬರುವಾಗ ಅವೆಲ್ಲ ಮಾಯವಾಗಿರುತ್ತವೆ. ಅಷ್ಟು ತೂಕದ ಅದಿರು ಪುಕ್ಕಟೆ ಹೊರಟಿರುತ್ತದೆ. ಇಂಥವನ್ನು ಹಿಡಿದೂ ಹಿಡಿದೂ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುವ ಸ್ಥಿತಿಗೆ ಬಂದಿದ್ದೇನೆ. ನನ್ನ ಊಟದ ಡಬ್ಬಿಯ ತಳದಲ್ಲಿ, ಚಹಾದ ಗ್ಲಾಸಿನ ತಳದಲ್ಲಿ, ಕೊನೆಗೆ ಕೊಡೆಯ ಹಿಡಿಕೆಯ ಮೇಲೂ ನನ್ನ ಹಸಿರು ಪೆನ್ನಿನ ಗುರುತಿದೆ. ನನ್ನ ಜೊತೆ ಪಾಳಿ ಮಾಡುವ ಖಾಜಾಸಾಬ್ ಒಮ್ಮೆ ಕೇಳಿಯೂ ಬಿಟ್ಟ: "ಸಾಹೇಬ್ರ, ಮನ್ಯಾಗ ಅಕ್ಕಾರಿಗೂ ಒಂದು ಗುರ್ತು ಹಾಕೀರೇನು?"

ಇಂಥವನನ್ನು ದೇವರು ಕಂಪನಿಯ ಕ್ವಾರ್ಟರ್ಸಿನಲ್ಲಿ ಇಟ್ಟ. ಅಲ್ಲಿ ಕಂಪ್ಲಿಯವನಾದ ನನ್ನಂಥ ಸ್ಥಳೀಯರು ಬೆರಳೆಣಿಕೆ. ಮಿಕ್ಕವರು ಆಂಧ್ರದವರು, ತಮಿಳರು, ಬಿಹಾರದವರು, ಒಡಿಶಾದವರು. ಊರು ಬಿಟ್ಟು ಬಂದವರಿಗೆ ಬಂಧುಗಳಿಲ್ಲ, ಹಾಗಾಗಿ ಮಕ್ಕಳ ಬರ್ತ್‌ಡೇಗೆ ಇಡೀ ಕ್ವಾರ್ಟರ್ಸೇ ಬಂಧುಬಳಗ. ತಿಂಗಳಿಗೆ ಮೂರು ಕೇಕಾದರೂ ಗ್ಯಾರಂಟಿ. ಕೇಕಿನ ತಂಟೆ ನನಗಿಲ್ಲ, ತಂಟೆಯೆಲ್ಲ ಗಿಫ್ಟಿನದು. ಕೊಟ್ಟ ಗಿಫ್ಟನ್ನು ಎದುರಿಗೇ ಬಿಚ್ಚಿದರೆ ನಮ್ಮ ಕಡೆಯವರು ಆಸೆಬುರುಕರು ಅನ್ನುತ್ತಾರೆ. ಬಿಚ್ಚದೆ ಒಳಗಿಟ್ಟರೆ ಪಕ್ಕದ ಸಾಲಿನ ಪಾಟ್ನಾದವರು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ನಮ್ಮ ಗಿಫ್ಟು ದೊಡ್ಡದಾದರೆ 'ಎಷ್ಟು ಡೌಲು' ಎಂದು ಮಾತು, ಸಣ್ಣದಾದರೆ ಮಾತೇ ಇಲ್ಲ. ಇನ್ನು ಹೊರಡುವಾಗ ಮಕ್ಕಳ ಕೈಗೆ ಕೊಡುವ ರಿಟರ್ನ್ ಗಿಫ್ಟಂತೂ ದೊಡ್ಡ ರಾಜಕೀಯ. ನನ್ನ ಮಗಳು ಸಿಂಚನಳಿಗೆ ಪೆನ್ಸಿಲ್ಲು, ಇನ್ನೊಬ್ಬನಿಗೆ ಪೆನ್ಸಿಲ್ಲೂ ರಬ್ಬರೂ ಸಿಕ್ಕಿದರೆ ನಾನು ಮನೆಗೆ ಬರುವತನಕ ಕಾರಣ ಹುಡುಕುತ್ತಾ ಬರುತ್ತೇನೆ.

ಎಲ್ಲಕ್ಕಿಂತ ಕಷ್ಟದ್ದು ತಿರುಗುವ ಗಿಫ್ಟು. ಬಿಸಿ ಊಟ ಇಡುವ ಒಂದು ಹಳದಿ ಹಾಟ್‌ಬಾಕ್ಸ್ ನಮ್ಮ ಕ್ವಾರ್ಟರ್ಸಿನಲ್ಲಿ ನಾಲ್ಕು ಬರ್ತ್‌ಡೇ ಸುತ್ತಿ, ಒಂದು ಹೊತ್ತಿನ ಅನ್ನವನ್ನೂ ಕಾಣದೆ ಮತ್ತೆ ನಮ್ಮ ಮನೆಗೇ ಬಂತು. ಕೊಟ್ಟೋನು ಕೋಡಂಗಿ, ಈಸ್ಕೊಂಡೋನು ಈರಭದ್ರ ಅನ್ನುವುದು ಇದಕ್ಕೇ. ಅಂದಿನಿಂದ ನಾನು ಕೊಡುವ ಪ್ರತಿ ಗಿಫ್ಟಿನ ತಳದ ಮೂಲೆಯಲ್ಲಿ ಹಸಿರು ಪೆನ್ನಿನಿಂದ ಸಣ್ಣದೊಂದು ಗೀಟು ಹಾಕತೊಡಗಿದೆ. ಬಂದ ಗಿಫ್ಟುಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ತೂಗುವ ಚಟವೂ ಅಂಟಿಕೊಂಡಿತು. ನನ್ನ ಕೈತೂಕ ಐವತ್ತು ಗ್ರಾಂ ಆಚೀಚೆ ಆಗುವುದಿಲ್ಲ, ಜಂಬ ಕೊಚ್ಚುತ್ತಿಲ್ಲ. "ಏನ್ರಿ, ಲಾರಿ ತೂಗಿದಂಗ ತೂಗಾಕತ್ತೀರಲ್ಲ! ಗಿಫ್ಟು ರೀ ಅದು, ಅದಿರಲ್ಲ," ಎಂದು ಹೆಂಡತಿ ಗಿರಿಜಾ ರೇಗುತ್ತಾಳೆ. ಅವಳ ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಎದುರು ಮನೆಯ ಬೆಹೆರಾ ಒಡಿಶಾದವನು, ವರ್ಕ್‌ಶಾಪಿನಲ್ಲಿ ಫಿಟ್ಟರ್. ಅವನ ಮಗಳು ಲಿಪ್ಸಾ ಸಿಂಚನಳ ವಾರಿಗೆಯವಳು. ಇಬ್ಬರೂ ಒಂದೇ ಕ್ಲಾಸು, ಒಂದೇ ಬೆಂಚು, ಜಗಳವಾಡುವುದೂ ಒಂದೇ ಪೆನ್ಸಿಲ್ಲಿಗೆ. ಅಪ್ಪನಿಗೆ ಕನ್ನಡ ತೊದಲು, ಮಗಳದು ಅಚ್ಚ ಸಂಡೂರಿನ ಕನ್ನಡ. ಕಲ್ಲು ಆರಿಸುವ ಹುಚ್ಚು ಅವಳಿಗೆ. ಹಂಪಿಗೆ ಕರೆದುಕೊಂಡು ಹೋದಾಗ ಎಲ್ಲರೂ ಗೋಪುರ ನೋಡುತ್ತಿದ್ದರೆ ಇವಳು ನೆಲ ನೋಡುತ್ತಿದ್ದಳು. ಹೋದ ವರ್ಷ ಅವಳ ಬರ್ತ್‌ಡೇಗೆ ನಾನು ಹೊಸಪೇಟೆಯಿಂದ ಮಕ್ಕಳು ಗೊಂಬೆ ಮಾಡುವ ಬಣ್ಣದ ಕ್ಲೇ ಇರುವ ಒಂದು ಡಬ್ಬಿ ತಂದು ಕೊಟ್ಟಿದ್ದೆ. ಮುಚ್ಚಳದ ಮೇಲೆ ಆನೆಯ ಚಿತ್ರ, ಗಟ್ಟಿ ರಟ್ಟು. ತೂಕ ಎಂಟುನೂರು ಗ್ರಾಂ, ತಳದಲ್ಲಿ ಹಸಿರು ಗೀಟು.

ಈ ವರ್ಷ ಸಿಂಚನಳ ಒಂಬತ್ತನೇ ಬರ್ತ್‌ಡೇ. ಲಿಪ್ಸಾ ಹಳೇ ಕ್ಯಾಲೆಂಡರಿನ ಹಾಳೆ ಸುತ್ತಿದ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ತಂದು ಕೊಟ್ಟು, "ಈಗ ತಗೀಬ್ಯಾಡ. ನಾ ಹೋದಮ್ಯಾಲೆ ತಗಿ," ಅಂದಳು. ನನ್ನ ಕಿವಿ ನೆಟ್ಟಗಾಯಿತು. ಹೋದಮೇಲೆ ಯಾಕೆ? ಎದುರಿಗೆ ತೆಗೆದರೆ ಏನಾಗುತ್ತದೆ? ಮಗಳು ಕೇಕು, ಕುಣಿತ ಎಲ್ಲ ಸೇರಿ ಸುಸ್ತಾಗಿ ಗಿಫ್ಟು ನೋಡದೆಯೇ ಮಲಗಿಬಿಟ್ಟಳು. ಬೆಳಿಗ್ಗೆ ಅವಳು ಸ್ಕೂಲಿಗೆ ಹೋದ ಕೂಡಲೇ ನಾನು ಆ ಡಬ್ಬಿ ಎತ್ತಿದೆ. ಎಂಟುನೂರು ಗ್ರಾಂ! ತಳದ ಹಾಳೆಯ ಮೂಲೆಯನ್ನು ಉಗುರಿನಿಂದ ಸ್ವಲ್ಪ ಎಬ್ಬಿಸಿ ನೋಡಿದೆ. ಹಸಿರು ಗೀಟು!

ಆಗ ಆದ ಸಂತೋಷವನ್ನು ಹೇಗೆ ಹೇಳಲಿ? ಸಿಟ್ಟಿಗಿಂತ ಮೊದಲು ಬಂದದ್ದು ಸಂತೋಷವೇ. ನನ್ನ ಅನುಮಾನ ನಿಜವಾಯಿತಲ್ಲ! ನಾನು ಕೊಟ್ಟದ್ದನ್ನು ವರ್ಷವಿಡೀ ಮುಟ್ಟದೆ ಇಟ್ಟು ನನ್ನ ಮಗಳಿಗೇ ವಾಪಸ್ ಕೊಟ್ಟಿದ್ದಾರೆ. ಮುಚ್ಚಳ ತೆಗೆದು ನೋಡಬಾರದಿತ್ತೇ ಎಂದು ನೀವು ಕೇಳಬಹುದು. ಟಾರ್ಪಾಲು ಬಿಚ್ಚದೆ ತೂಕ ಹೇಳುವುದು ನಮ್ಮ ಕಸುಬು, ಸ್ವಾಮಿ. ತೂಕ ಸರಿಯಿದೆ, ಗುರುತು ಸರಿಯಿದೆ, ಇನ್ನೇನು ನೋಡುವುದು? ಆ ಭಾನುವಾರ ಕಂಪ್ಲಿಯಲ್ಲಿ ಅಕ್ಕನ ಮಗನ ಬರ್ತ್‌ಡೇ ಇತ್ತು. "ಗಿಫ್ಟಿನ ಚಿಂತಿ ನೀ ಮಾಡಬ್ಯಾಡ, ನಾ ನೋಡ್ಕೋತೀನಿ," ಎಂದು ಗಿರಿಜಾಗೆ ಹೇಳಿ, ಡಬ್ಬಿಗೆ ಮಿರಿಮಿರಿ ಹೊಸ ಕಾಗದ ಸುತ್ತಿ ಅಲ್ಲಿ ಕೊಟ್ಟು ಬಂದೆ. ಸಿಂಚನ, "ಲಿಪ್ಸಾಂದು ಎಲ್ಲಿ ಅಪ್ಪಾ?" ಅಂದಾಗ, "ಇಲ್ಲೇ ಎಲ್ಲೋ ಇರ್ತೈತಿ ಹುಡುಕು, ಸಿಗೂತನಕ ಅಕಿಗೆ ಹೇಳಬ್ಯಾಡ," ಅಂದೆ. ಹೇಳುವಾಗ ಕುಂಬಳಕಾಯಿ ಕಳ್ಳನ ಹಾಗೆ ನನ್ನ ಹೆಗಲನ್ನು ನಾನೇ ಮುಟ್ಟಿ ನೋಡಿಕೊಂಡಿರಬೇಕು. ಗಿರಿಜಾ ಒಂದು ಥರಾ ನೋಡಿದಳು.

ಮಂಗಳವಾರ ಬೆಹೆರಾ ಮನೆಗೆ ಬಂದ. ಬಾಗಿಲಲ್ಲೇ ನಿಂತು ಕೈ ಹಿಸುಕಿಕೊಂಡ. "ಅಣ್ಣಾ, ನಮ್ದು ಟ್ರಾನ್ಸ್‌ಫರ್ ಆಯ್ತು. ಈ ಐತ್ವಾರ ಊರಿಗೆ ಟ್ರೈನು," ಅಂದ. ನಾನು ಇನ್ನೂ ಗಿಫ್ಟಿನ ಸಿಟ್ಟಿನಲ್ಲಿ ಬಿಗಿದುಕೊಂಡು ಕೂತಿದ್ದೆ. ಅವನು ದನಿ ತಗ್ಗಿಸಿ ಹೇಳಿದ: "ಲಿಪ್ಸಾ ರೋಜ್ ಅಳ್ತಾಳ ಅಣ್ಣಾ. ಗಿಫ್ಟು ಸಿಂಚನಾಗ ಇಷ್ಟ ಆಗ್ಲಿಲ್ಲ, ಅದಕ್ಕ ಏನೂ ಮಾತಾಡಂಗಿಲ್ಲ ಅಂತ. ನೀವು ಕೊಟ್ಟಿದ್ರಲ್ಲ, ಆನೀ ಡಬ್ಬಾ, ಅದ್ರಾಗ ಅವಳ ಪತ್ಥರ್, ಕಲ್ಲು ಎಲ್ಲ ಇಟ್ಕೊಂಡಿದ್ಳು. ಅದ್ರಾಗ ಚಲೋ ಚಲೋದು ಆರಿಸಿ, ಅದೇ ಡಬ್ಬಾದಾಗ ಹಾಕಿ ಕೊಟ್ಟಾಳ. ಊರಿಗೆ ಹೋದ್ರ ಮತ್ತ ಮುಖ ನೋಡಾಕ ಸಿಗಂಗಿಲ್ಲ ಅಂತ ಹೇಳಿ..."

ಒಳಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಬೆಹೆರಾ ಹೋದ ಮೇಲೆ ಗಿರಿಜಾ ಹೊರಗೆ ಬಂದು ಬೈಯಲಿಲ್ಲ, ಕೂಗಲಿಲ್ಲ. "ಐತವಾರದೊಳಗ ಆ ಡಬ್ಬಿ ಈ ಮನ್ಯಾಗ ಇರಬೇಕು," ಎಂದಷ್ಟೇ ಅಂದಳು. ಹದಿನೆಂಟು ವರ್ಷದಲ್ಲಿ ಯಾವ ಮ್ಯಾನೇಜರೂ ನನಗೆ ಅಂಥ ದನಿಯಲ್ಲಿ ಆರ್ಡರ್ ಕೊಟ್ಟಿರಲಿಲ್ಲ.

ಬುಧವಾರ ರಜೆ ಹಾಕಿ ಹೊಸಪೇಟೆಯಲ್ಲಿ ಬಸ್ಸು ಬದಲಿಸಿ ಕಂಪ್ಲಿಗೆ ಹೊರಟೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಆರು ವರ್ಷದ ಪೋರ ಡಬ್ಬಿ ತೆರೆದು, ಕಲ್ಲು ಕಂಡು, ಕಾಲುವೆಗೆ ಒಂದೊಂದಾಗಿ ಎಸೆದಿದ್ದರೆ? ಕಲ್ಲು ಸಿಕ್ಕ ಹುಡುಗ ಇನ್ನೇನು ಮಾಡುತ್ತಾನೆ? ಅಕ್ಕ ಶರಣಮ್ಮ ಅಕ್ಕಿ ಗಿರಣಿಯ ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ವಾರದೊಳಗೆ ಎರಡನೇ ಸಲ ಬಂದ ತಮ್ಮನನ್ನು ಮೇಲಿಂದ ಕೆಳಗೆ ನೋಡಿ, "ಯಾಕಲೇ, ಏನರ ಬಿಟ್ಟು ಹೋಗಿದ್ದೇನು?" ಅಂದಳು.

"ಅಕ್ಕಾ, ಆ ಗಿಫ್ಟು ತೆಗದ್ರೇನು?"

"ಯಾವ ಗಿಫ್ಟು?"

"ನಾ ಕೊಟ್ಟಿದ್ದು."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಇಲ್ಲಪ. ಹೆಂಡ್ತಿ ಕೈಲೆ ಕೊಡಸ್ದೆ ನೀನಾಗಿ ಗಿಫ್ಟು ತಂದಿ ಅಂದ್ರ ಎಲ್ಲೋ ಬಂದಿದ್ದನ್ನ ಇಲ್ಲಿ ದಾಟ್ಸಿ ಹೋದಿ ಅಂತ ನನಗ ಆವತ್ತ ಗೊತ್ತಾತು. ನಾನ್ಯಾಕ ತಗೀಲಿ? ನಾಡಿದ್ದು ಹೊಸಪ್ಯಾಟ್ಯಾಗ ಒಂದು ಬರ್ತ್‌ಡೇ ಐತಿ, ಅಲ್ಲಿಗೆ ಕೊಟ್ರಾತು ಅಂತ ಅಟ್ಟದ ಮ್ಯಾಲ ಇಟ್ಟೀನಿ."

ಒಡಹುಟ್ಟಿದವಳು ನನ್ನನ್ನು ಅಷ್ಟು ಚೆನ್ನಾಗಿ ಅನುಮಾನಿಸದಿದ್ದರೆ ಆ ಡಬ್ಬಿ ನನಗೆ ಸಿಗುತ್ತಿರಲಿಲ್ಲ. ಮಿರಿಮಿರಿ ಕಾಗದ ಹಾಗೇ ಇತ್ತು. ಅಳಿಯನಿಗೆ ಪೇಟೆಯಿಂದ ಹೊಸ ಕ್ರಿಕೆಟ್ ಬ್ಯಾಟು ತಂದುಕೊಟ್ಟೆ. ಅಕ್ಕ ಅದನ್ನೂ ತಿರುಗಿಸಿ ಮುರುಗಿಸಿ ನೋಡಿಯೇ ಒಳಗಿಟ್ಟಳು.

ಸಂಜೆ ಸಿಂಚನಳ ಎದುರು ಡಬ್ಬಿಯಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಮಗಳ ಮುಂದೆ ತಪ್ಪೊಪ್ಪಿಕೊಳ್ಳುವುದು ಮ್ಯಾನೇಜರನ ಮುಂದೆ ಒಪ್ಪಿಕೊಂಡಷ್ಟು ಸುಲಭವಲ್ಲ. ಅವಳು ನನ್ನ ಮುಖ ನೋಡದೆ ಮುಚ್ಚಳ ತೆಗೆದಳು. ಹನ್ನೊಂದು ಕಲ್ಲು. ಒಂದೊಂದನ್ನೂ ಬಟ್ಟೆಯ ಚೂರಿನಲ್ಲಿ ಸುತ್ತಿ, ಒಂದೊಂದಕ್ಕೂ ಚೀಟಿ. 'ಹಂಪಿ ಹೊಳಿ ದಂಡಿ'. 'ಸ್ಕೂಲ್ ಹಿಂದ, ನಾವು ಜಗಳ ಆಡಿದ ಜಾಗ'. 'ನಮ್ಮ ಅಜ್ಜಿ ಊರು'. ಕೊನೆಯದು ಕೆಂಪು ಕಪ್ಪು ಮಿಂಚುವ ಒಂದು ಉಂಡೆ, ಎಲ್ಲಕ್ಕಿಂತ ಭಾರ. ಚೀಟಿಯಲ್ಲಿ 'ಕಾಟಾ ಅಂಕಲ್ ಕೊಟ್ಟಿದ್ದು, ಇದು ಬೆಸ್ಟ್' ಎಂದಿತ್ತು. ನನಗೆ ನೆನಪೇ ಇರಲಿಲ್ಲ. ಯಾವಾಗಲೋ ನನ್ನ ಊಟದ ಡಬ್ಬಿ ಕೊಡಲು ಬಂದ ಮಕ್ಕಳಿಬ್ಬರು ಕಾಟಾದ ಹತ್ತಿರ ಆಡುತ್ತಿದ್ದಾಗ ಲಾರಿಯಿಂದ ಉದುರಿದ್ದೊಂದನ್ನು ಎತ್ತಿ 'ತಗೋ' ಅಂದಿರಬೇಕು. ತೂಗದೆ, ಗೀಟು ಹಾಕದೆ ನಾನು ಕೊಟ್ಟದ್ದು ಅದೊಂದೇ ಇರಬಹುದು. ಹದಿನೆಂಟು ವರ್ಷ ಅದಿರು ತೂಗಿದವನು, ಅದಿರನ್ನೇ ಕೈಯಲ್ಲಿ ಹಿಡಿದು ಕ್ಲೇ ಅಂದುಕೊಂಡಿದ್ದೆ. ನನಗೆ ಭಾಳ ನಾಚಿಕೆಯಾಯಿತು. ಗಿರಿಜಾಳ ಹಳೇ ಮಾತು ನನ್ನ ತಲೆಯಲ್ಲೇ ಕೇಳುತ್ತಿತ್ತು. ಸಿಂಚನ ಕಲ್ಲನ್ನೆಲ್ಲ ಕಿಟಕಿಯಲ್ಲಿ ಸಾಲಾಗಿ ಜೋಡಿಸಿ ಎದುರು ಮನೆಗೆ ಓಡಿದಳು. ಅಲ್ಲಿಂದ ಅಳುವೂ ನಗುವೂ ಒಟ್ಟಿಗೇ ಕೇಳಿಬಂತು.

ಆ ವಾರ ಇನ್ನೊಂದು ತಲೆನೋವು. ಶುಕ್ರವಾರ ಪಾಳಿಗೆ ಹೋಗಿ ಜೇಬು ನೋಡುತ್ತೇನೆ, ನನ್ನ ಹಸಿರು ಪೆನ್ನು ಮಾಯ. ಕಾಟಾದ ಮೇಜಿನ ಹತ್ತಿರ ಬರುವವನು ಖಾಜಾಸಾಬ್ ಒಬ್ಬನೇ. ಎರಡು ದಿನ ಅವನ ಜೇಬಿನ ಮೇಲೆ ಕಣ್ಣಿಟ್ಟೆ. ಅವನು ನೀರು ಕುಡಿಯಲು ಎದ್ದಾಗ ಅವನ ಊಟದ ಚೀಲವನ್ನೂ ಮುಟ್ಟಿ ನೋಡಿದೆ. ಇಷ್ಟೆಲ್ಲ ಪಾಠವಾದ ಮೇಲೂ!

ಭಾನುವಾರ ಹೊಸಪೇಟೆ ಸ್ಟೇಷನ್ನಿಗೆ ಎಲ್ಲರೂ ಹೋದೆವು. ಸಿಂಚನ ಅದೇ ಆನೆ ಡಬ್ಬಿಯನ್ನು ಲಿಪ್ಸಾಳಿಗೆ ಕೊಟ್ಟಳು. ಹಳೇ ಡಬ್ಬಿ ಬೇಡವೆಂದು ನಾನು ಎಷ್ಟು ಹೇಳಿದರೂ ಕೇಳಿರಲಿಲ್ಲ, ಒಳಗೇನಿದೆಯೆಂದೂ ಹೇಳಿರಲಿಲ್ಲ. ಲಿಪ್ಸಾ ಅದನ್ನು ಅಂಗೈ ಮೇಲಿಟ್ಟುಕೊಂಡು, ಥೇಟ್ ನನ್ನ ಹಾಗೆಯೇ ಹುಬ್ಬು ಗಂಟಿಕ್ಕಿ ಮೇಲೆ ಕೆಳಗೆ ಆಡಿಸಿ ನೋಡಿದಳು. "ಅಂಕಲ್, ನಂದ ನನಗ ವಾಪಸ್ ಕೊಡಾಕತ್ತೀರೇನ್ರಿ?"

"ತಗದು ನೋಡವ್ವಾ," ಅಂದೆ. ಇಂಥ ಮಾತು ನನ್ನ ಬಾಯಿಂದ ಬಂದದ್ದು ಬದುಕಿನಲ್ಲಿ ಅದೇ ಮೊದಲು.

ತೆಗೆದಳು. ಒಳಗೆ ಸಿಂಚನಳ ಗಾಜಿನ ಬಳೆ, ಇಬ್ಬರೂ ಜಗಳವಾಡಿದ ಪೆನ್ಸಿಲ್ಲು, ಮೇಲೆ ನನ್ನ ಹಸಿರು ಪೆನ್ನು. ಪಕ್ಕದಲ್ಲಿ ಚೀಟಿ: 'ಅಪ್ಪಂದು. ಹೊಸಾ ಕಲ್ಲಿಗೆ ಇದರಲೇ ಹೆಸರು ಬರಿ.' ಲಿಪ್ಸಾ ಆ ಪೆನ್ನನ್ನು ಫ್ರಾಕಿನ ಜೇಬಿಗೆ ಸಿಗಿಸಿಕೊಂಡು ರೈಲು ಹತ್ತಿದಳು. ಸಿಂಚನ ಗಿರಿಜಾಳ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ರೈಲಿನ ಕಡೆ ಕೈ ಬೀಸುತ್ತಾ ಖಾಜಾಸಾಬನ ಜೇಬನ್ನು ನೆನೆಯುತ್ತಿದ್ದೆ.

ಸೋಮವಾರ ಪಾಳಿಗೆ ಹೋಗುವಾಗ ಖಾಜಾಸಾಬನಿಗೆಂದು ಸ್ಪೆಷಲ್ ಚಹಾ ಒಯ್ದೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ. ಅವನು ಗ್ಲಾಸನ್ನು ನೋಡಿದ, ನನ್ನನ್ನು ನೋಡಿದ, "ಏನ್ ಸಾಹೇಬ್ರ, ಇವತ್ತು ಏನು ವಿಶೇಷ?" ಅಂದ. "ಏನಿಲ್ಲಪ, ಪ್ರೀತಿಗೆ," ಅಂದೆ. ಖಾಜಾಸಾಬ್ ಗ್ಲಾಸನ್ನು ನಿಧಾನವಾಗಿ ತಲೆಯ ಮೇಲಕ್ಕೆತ್ತಿ, ಒಂದು ಕಣ್ಣು ಮುಚ್ಚಿ, ಅದರ ತಳ ನೋಡಿದ.