ಉತ್ತರ ಸಾಲದು, ಲೆಕ್ಕ ತೋರಿಸಿ

ಲೆಕ್ಕ ಹೇಳಿಕೊಡುವವರದು ಒಣ ಬದುಕು ಅಂತ ಜನ ತಿಳಿದಿದ್ದಾರೆ. ಕೊಳ್ಳೇಗಾಲದ ನನ್ನ ಟ್ಯೂಷನ್ ಕೋಣೆಯಲ್ಲಿ ಒಂದು ಸಂಜೆ ಕೂತು ನೋಡಲಿ, ನಗುವಿಗೆ ಅಲ್ಲಿ ಬರವಿಲ್ಲ. ಆದರೆ ಮಾಂಬಳ್ಳಿಯ ಅತ್ತೆ-ಸೊಸೆ ಬರುತ್ತಿದ್ದ ವರ್ಷದ ನಗು ಬೇರೆ ಥರದ್ದು. ನಕ್ಕಮೇಲೆ ಕಣ್ಣು ಒರೆಸಿಕೊಳ್ಳಬೇಕಾಗುತ್ತಿತ್ತು.

ಖಾಲಿ ಸೀಟು

ಆ ಅತ್ತೆಯ ಮಗ ಇಲ್ಲಿಯ ಒಂದು ಆಡಿಟರ್ ಆಫೀಸಿನಲ್ಲಿದ್ದ. ಅಕೌಂಟ್ಸ್ ಪರೀಕ್ಷೆ ಪಾಸು ಮಾಡಿ ಮೇಲೆ ಬರಬೇಕು ಅಂತ ನನ್ನ ಹತ್ತಿರ ಪಾಠಕ್ಕೆ ಬರುತ್ತಿದ್ದ. ಒಂದು ಸಂಜೆ ಪಾಠ ಮುಗಿಸಿ ಹೊರಟವನ ಬೈಕಿಗೆ ಯಳಂದೂರು ರಸ್ತೆಯಲ್ಲಿ ಲಾರಿ ಗುದ್ದಿತು. ಮನೆ ಸೇರಲಿಲ್ಲ.

ಕೆಲವು ತಿಂಗಳ ಮೇಲೆ ಆ ತಾಯಿ ಸೊಸೆಯನ್ನು ಕರೆದುಕೊಂಡು ಬಂದರು. ಹುಡುಗಿ ಬಿ.ಕಾಂ. ಮಾಡಿದ್ದಳು, ತಲೆ ಎತ್ತುತ್ತಿರಲಿಲ್ಲ. ನಾನು ಕುರ್ಚಿ ಸರಿಸಿದೆ. ತಾಯಿ ಕೂರಲಿಲ್ಲ.

"ಸಾ, ನನ್ ಮಗ ಅರ್ಧಕ್ಕೆ ಬುಟ್ಟೋದುದ್ನ ಇವ್ಳು ಓದ್ತಾಳೆ. ಅವನ ಸೀಟು ಕಾಲಿ ಅದಾ, ಇಲ್ಲ ಯಾರಾದ್ರೂ ಟವಲ್ ಹಾಕವ್ರಾ?"

ತಲೆಯೊಳಗಿನದು

ಈಗ ಈ ಪರೀಕ್ಷೆ ಕಂಪ್ಯೂಟರಿನಲ್ಲಿ. ಬರೀ ಉತ್ತರ ಟೈಪ್ ಮಾಡಿದರೆ ಸಾಲದು, ಅದು ಹೇಗೆ ಬಂತು ಅಂತ ಹಂತ ಹಂತವಾಗಿ ತೋರಿಸಬೇಕು. ಕೊನೆಯ ಉತ್ತರ ತಪ್ಪಿದರೂ ಸರಿಯಾದ ಹಂತಗಳಿಗೆ ಮಾರ್ಕ್ಸ್ ಉಂಟು.

ಈ ಹುಡುಗಿಗೆ ಅದೇ ಕಷ್ಟ. ಗಂಡ ಹೋದಮೇಲೆ ಮಾತೇ ಕಮ್ಮಿಯಾಗಿತ್ತಲ್ಲ, ಕಂಪ್ಯೂಟರಿಗೂ ಅಷ್ಟೇ ಹೇಳುತ್ತಿದ್ದಳು. ಪರದೆ ತುಂಬ ಖಾಲಿ, ಕೆಳಗೆ ಒಂದೇ ಒಂದು ಸಂಖ್ಯೆ.

"ಲೆಕ್ಕ ಎಲ್ಲಮ್ಮ?" ಅಂದೆ.

"ತಲೇಲಿ ಅದೆ ಸಾ."

"ತಲೇಲಿರೋದೆಲ್ಲ ಇಲ್ಲಿ ಬರಬೇಕು. ಒಂದೂ ಬಿಡಬಾರದು."

ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದ ಅತ್ತೆ ಗಾಬರಿಯಾಗಿ ಇಣುಕಿದರು. "ಎಲ್ಲಾನೂ ಬ್ಯಾಡ ಸಾ! ನನ್ ಬಗ್ಗೆ ಏನೇನು ಮಡಿಕಂಡವ್ಳೋ!"

ಆವತ್ತೇ ಮೊದಲು ಆ ಹುಡುಗಿ ನಕ್ಕದ್ದನ್ನು ನಾನು ಕಂಡಿದ್ದು.

ಹನೂರಿನ ಅಣ್ಣ

ಪರೀಕ್ಷೆ ಹತ್ತಿರ ಬಂದಾಗ ಹನೂರಿನಿಂದ ಅವಳ ಅಣ್ಣ ಬಂದ. ಕೆಟ್ಟವನಲ್ಲ, ತಂಗಿಯನ್ನು ನೆನೆದು ಸೊರಗಿದ್ದ. ಪಾಠದ ನಡುವೆಯೇ ಬಾಗಿಲಲ್ಲಿ ನಿಂತು, "ಅತ್ತೆಮ್ಮ, ಇನ್ನು ಇವ್ಳು ನಿಮ್ಮನೇಲಿ ಯಾಕಿರ್ಬೇಕು? ಕರ್ಕಂಡೋಯ್ತೀನಿ, ಅಷ್ಟೇಯ" ಅಂದ.

ಹುಡುಗಿಯ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೇ ನಿಂತವು. ಬೆಂಚಿನ ಮೇಲಿದ್ದ ಅತ್ತೆ ಸೆರಗಿನ ತುದಿ ಹಿಂಡಿದರು.

"ಕರ್ಕಂಡೋಗಪ್ಪ, ನಿನ್ ತಂಗಿ. ಆದ್ರೆ ಯಾಕೆ ಅಂತ ಒಂದೊಂದಾಗಿ ಬಿಡಿಸಿ ಯೋಳು. ಬರೀ ಉತ್ತರ ಯೋಳುದ್ರೆ ಇಲ್ಲಿ ಮಾರ್ಕು ಕೊಡಕಿಲ್ಲ."

ಅಣ್ಣ ಯೋಚಿಸಿದ. ತಂಗಿಯ ಮುಖ ನೋಡಿದ. ಆಮೇಲೆ ಬೆಂಚಿನ ಮೇಲೆ ಅತ್ತೆಯ ಪಕ್ಕ ಕೂತು, "ಟೈಮ್ ಎಷ್ಟು ಕೊಡ್ತೀರಿ?" ಅಂದ.

ಹೆಚ್ಚಾದ ಪಾಲು

ಪರೀಕ್ಷೆ ಮೈಸೂರಿನಲ್ಲಿ. ನಾನೂ ಹೋಗಿದ್ದೆ. ಅತ್ತೆ ಗೇಟಿನ ಹೊರಗೆ ಮರದಡಿ ಬುತ್ತಿ ಇಟ್ಟುಕೊಂಡು ಕೂತಿದ್ದರು.

ಹುಡುಗಿ ಎಲ್ಲರಿಗಿಂತ ಕೊನೆಯಲ್ಲಿ ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು. ದೊಡ್ಡ ಪ್ರಶ್ನೆಯೇ ಅದಂತೆ: ಪಾಲುದಾರರಲ್ಲಿ ಒಬ್ಬ ತೀರಿಕೊಂಡಿದ್ದಾನೆ, ಅವನ ಮನೆಯವರಿಗೆ ಸಲ್ಲಬೇಕಾದ ಪಾಲನ್ನು ಲೆಕ್ಕ ಹಾಕಿ. ಪ್ರತಿ ಅಕೌಂಟ್ಸ್ ಪುಸ್ತಕದಲ್ಲೂ ಇರುವ ಮಾಮೂಲಿ ಲೆಕ್ಕ.

"ಮೊದ್ಲು ಕೈಯೇ ಓಡ್ನಿಲ್ಲ ಸಾ. ಪರದೆ ಮಂಜಾಗೋಯ್ತು. ಆಮೇಕೆ ನೀವು ಯೋಳಿದಂಗೆ ಒಂದೊಂದೇ ಹಂತ ಬರ್ಕಂಡೋದೆ."

ಆ ಹಂತಗಳೇ ಆಮೇಲೆ ಅವಳನ್ನು ಪಾಸು ಮಾಡಿಸಿದವು. ಈಗ ಅವಳು ಕೊಳ್ಳೇಗಾಲದಲ್ಲೇ ಕೆಲಸದಲ್ಲಿದ್ದಾಳೆ, ಅತ್ತೆಯ ಜೊತೆಯಲ್ಲೇ ಇದ್ದಾಳೆ. ಆದರೆ ಆವತ್ತು ಆ ಮರದಡಿಯಲ್ಲಿ ನಮಗೆ ಅದು ಯಾವುದೂ ಗೊತ್ತಿರಲಿಲ್ಲ.

"ಕೊನೆಗೆ ತಾಳೆ ಆಯ್ತಾ?" ಅಂತ ಕೇಳಿದೆ.

"ಇಲ್ಲ ಸಾ. ಎಲ್ಲೋ ತಪ್ಪಿ ಸತ್ತೋರ ಪಾಲಿಗೆ ಜಾಸ್ತಿ ಸೇರ್ಸ್ಬುಟ್ಟೆ." ಅಷ್ಟು ಹೇಳಿ ಬಿಕ್ಕಿದಳು.

ಅತ್ತೆ ಬುತ್ತಿಯ ಗಂಟು ಬಿಚ್ಚಿ, ಮೊಸರನ್ನದ ತುತ್ತು ಮಾಡಿ, ಸೊಸೆಯ ಬಾಯಿಗೆ ಹಿಡಿದರು.

"ಜಾಸ್ತಿಯಾದ್ರೆ ಆಗ್ಲಿ ಬುಡವ್ವ. ವಾಪಸ್ ಕೊಡಾಕಾದ್ರೂ ಒಂದ್ಸಲ ಬಂದೋಗ್ಲಿ."