ಲೈಸೆನ್ಸ್ ಇಲ್ಲದೆ ವಾಲ್‌ನಟ್‌ಗೆ ವಾಪಸ್

ಬಹಳ ವರ್ಷ ವಿದೇಶದಲ್ಲಿದ್ದು ಮನೆಗೆ ಮರಳಿದವರಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಆದರೆ ನನಗೆ ಅದೆಲ್ಲ ಸ್ಟಿಯರಿಂಗ್ ಹಿಡಿದಾಗಲೇ ಯಾಕೆ ಆಗುತ್ತದೆ ಎಂದು ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಗೊಂದಲವಾಗುತ್ತದೆ. ನಾನು ಮರಳಿದ ಮನೆ ಮೈಸೂರಿನದಲ್ಲ. ಹುಟ್ಟಿದ್ದು ಮೈಸೂರಿನಲ್ಲೇ, ಆದರೆ ಮದುವೆಯಾದ ಮೇಲೆ ನಮ್ಮ ಮನೆ ಎಂದರೆ ಲಾಸ್ ಏಂಜಲೀಸ್ ಪಕ್ಕದ ವಾಲ್‌ನಟ್. ವಿದೇಶ ಎಂದರೆ ಜಪಾನ್. ಹಡಗು ಸಾಗಣೆ ಕಂಪನಿಯೊಂದರಲ್ಲಿ ನನಗಿದ್ದ ಕೆಲಸದ ಮೇಲೆ ಎರಡು ವರ್ಷಕ್ಕೆಂದು ಯೊಕೊಹಾಮಾಕ್ಕೆ ಹೋದ ನಾವು, ಅಂದರೆ ನಾನು, ನನ್ನ ಗಂಡ ಮತ್ತು ಮಗಳು, ಒಂಬತ್ತು ವರ್ಷ ಅಲ್ಲೇ ಉಳಿದುಬಿಟ್ಟೆವು. ಕೋವಿಡ್ ಗಲಾಟೆ ಸ್ವಲ್ಪ ತಣ್ಣಗಾದ ಮೇಲೆ, 2022ರಲ್ಲಿ, ವಾಪಸ್ ಬಂದೆವು.

ಬಂದ ಕೂಡಲೇ ನನಗೆ ಸ್ಯಾನ್ ಪೀಡ್ರೊ ಬಂದರಿನಲ್ಲಿ ಕೆಲಸ ಸಿಕ್ಕಿತು. ಒಂದೇ ಷರತ್ತು. ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಕಾರಿನಲ್ಲಿ ಓಡಾಡುವ ಕೆಲಸವಾದ್ದರಿಂದ ಮೂರು ತಿಂಗಳೊಳಗೆ ಕ್ಯಾಲಿಫೋರ್ನಿಯಾದ ಡ್ರೈವಿಂಗ್ ಲೈಸೆನ್ಸ್ ತೋರಿಸಬೇಕು. ನನ್ನ ಹಳೆಯ ಲೈಸೆನ್ಸ್ ಯಾವಾಗಲೋ ಅವಧಿ ಮುಗಿದು ಸತ್ತುಹೋಗಿತ್ತು. ಹೊಸದಕ್ಕೆ ಪರೀಕ್ಷೆ ಕೊಡಬೇಕು. ಮೂರು ಅವಕಾಶ. ಮೂರರಲ್ಲೂ ಫೇಲಾದರೆ ಮತ್ತೆ ಮೊದಲಿನಿಂದ ಅಪ್ಲೈ ಮಾಡಬೇಕು, ಅಷ್ಟರಲ್ಲಿ ಕೆಲಸ ಬೇರೆಯವರ ಪಾಲಾಗಿರುತ್ತದೆ. ಐವತ್ತು ದಾಟಿದ ಮೇಲೆ ಇನ್ನೊಂದು ಕೆಲಸ ಹುಡುಕುವ ಧೈರ್ಯ ನನಗಿರಲಿಲ್ಲ. ಇದಿಷ್ಟು ಹಿನ್ನೆಲೆ.

ಥ್ಯಾಂಕ್ಸ್ ಹೇಳಿದ್ದು

ಜಪಾನಿನಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ರಸ್ತೆಯಲ್ಲಿ ಯಾರಾದರೂ ನಿಮಗೆ ಜಾಗ ಬಿಟ್ಟರೆ, ಕಾರಿನ ನಾಲ್ಕೂ ಮೂಲೆಯ ದೀಪಗಳನ್ನು ಎರಡು ಸಲ ಮಿಣುಕಿಸಿ ಥ್ಯಾಂಕ್ಸ್ ಹೇಳಬೇಕು. ಕಾರು ಕೆಟ್ಟು ನಿಂತಾಗ ಹಾಕುತ್ತಾರಲ್ಲ, ಅದೇ ದೀಪ. ಅಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ.

ಒಂದು ಶನಿವಾರ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಫ್ರೀವೇಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ದೊಡ್ಡ ಟ್ರಕ್ಕಿನವನೊಬ್ಬ ನಿಧಾನಿಸಿ ನನ್ನನ್ನು ಒಳಗೆ ಬಿಟ್ಟ. ನಾನು ದೀಪ ಮಿಣುಕಿಸಿದೆ. ಅವನು ಇನ್ನೂ ನಿಧಾನಿಸಿದ. ಎಷ್ಟು ಒಳ್ಳೆಯವನು ಎಂದುಕೊಂಡು ಮತ್ತೆ ಮಿಣುಕಿಸಿದೆ. ಅವನೂ ತನ್ನ ದೀಪ ಮಿಣುಕಿಸಿದ. "ನೋಡಿ, ಇಲ್ಲಿನವರೂ ಕಲಿತಿದ್ದಾರೆ" ಎಂದೆ. ಗಂಡ ಸೀಟಿನಲ್ಲಿ ಇನ್ನಷ್ಟು ಕೆಳಗೆ ಜಾರಿದರು. ಟ್ರಕ್ಕಿನವನು ಕೈ ಹೊರಗೆ ಹಾಕಿ, ಪಕ್ಕಕ್ಕೆ ಹೋಗು, ಪಕ್ಕಕ್ಕೆ ಹೋಗು ಎಂದು ಸನ್ನೆ ಮಾಡಿದ. ಹೆದರಿ ರಸ್ತೆಯ ಅಂಚಿಗೆ ನಿಲ್ಲಿಸಿದೆ. ಅವನೂ ಹಿಂದೆ ನಿಲ್ಲಿಸಿ, ಬ್ಯಾಟರಿಗೆ ಹಾಕುವ ಕೇಬಲ್ ಹೆಗಲಿಗೇರಿಸಿಕೊಂಡು ಇಳಿದು ಬಂದ.

"ಏನಾಗಿದೆ ಕಾರಿಗೆ?"

"ಏನೂ ಆಗಿಲ್ಲ. ನಿಮಗೆ ಥ್ಯಾಂಕ್ಸ್ ಹೇಳಿದೆ."

ಅವನು ನನ್ನನ್ನು ನೋಡಿದ, ಆಮೇಲೆ ನನ್ನ ಗಂಡನನ್ನು ನೋಡಿದ. ಗಂಡ ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವರಂತೆ ಕೂತಿದ್ದರು. ಪಾಪ, ಟ್ರಕ್ಕಿನವನು ಬೈಯಲಿಲ್ಲ. ನಾನು ಮತ್ತೆ ಫ್ರೀವೇಗೆ ಸೇರಿಕೊಳ್ಳುವವರೆಗೂ ಹಿಂದಿನ ಕಾರುಗಳನ್ನೆಲ್ಲ ತಡೆದು ನಿಂತ. ಇಷ್ಟು ಉಪಕಾರಕ್ಕೆ ಸುಮ್ಮನಿರುವುದು ಹೇಗೆ? ನನ್ನ ಕೈ ತಾನಾಗಿ ಆ ದೀಪದ ಗುಂಡಿಯ ಕಡೆಗೆ ಹೋಯಿತು. ನಿದ್ದೆಯಲ್ಲಿದ್ದ ಗಂಡ ಗಪ್ಪನೆ ಕೈ ಹಿಡಿದರು.

"ಬೇಡ. ಮನಸ್ಸಿನಲ್ಲೇ ಹೇಳು."

ಮೊದಲ ಪರೀಕ್ಷೆ

ಪರೀಕ್ಷೆ ಮಾಡಲು ಪಕ್ಕದಲ್ಲಿ ಕೂತ ಹೆಂಗಸು ನನ್ನ ವಯಸ್ಸಿನವರೇ. ಒಳ್ಳೆಯವರ ಹಾಗೆ ಕಂಡರು. ಹತ್ತು ನಿಮಿಷ ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ರೈಲು ಹಳಿ ಬಂತು.

ಇದನ್ನೂ ವಿವರಿಸಬೇಕು. ಜಪಾನಿನಲ್ಲಿ ರೈಲು ಹಳಿ ದಾಟುವ ಮುಂಚೆ, ಗೇಟು ತೆರೆದೇ ಇದ್ದರೂ, ಕಾರನ್ನು ಪೂರ್ತಿ ನಿಲ್ಲಿಸಬೇಕು. ಅದು ಅಲ್ಲಿನ ಕಾನೂನು. ನನಗೆ ಪಾಠ ಹೇಳಿದ ಮೇಷ್ಟ್ರು ಕಿಟಕಿ ಇಳಿಸಿ ಕಿವಿ ಕೊಟ್ಟು ಕೇಳಬೇಕೆಂದೂ ಕಲಿಸಿದ್ದರು. ಹಾಗಾಗಿ ನಾನು ನಿಲ್ಲಿಸಿದೆ. ಕಿಟಕಿ ಇಳಿಸಿದೆ. ಸರಿಯಾಗಿ ಕೇಳಲಿ ಎಂದು ಎ.ಸಿ.ಯನ್ನೂ ಆಫ್ ಮಾಡಿದೆ. ಹಿಂದೆ ಕಂಟೇನರ್ ಲಾರಿಗಳು ಹಾರ್ನ್ ಹೊಡೆಯತೊಡಗಿದವು.

"ಯಾಕೆ ನಿಲ್ಲಿಸಿದಿರಿ?" ಎಂದು ಅವರು ಕೇಳಿದರು. ಅವರು ಕೇಳಿದ್ದು ಇಂಗ್ಲಿಷಿನಲ್ಲಿ, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ.

"ರೈಲು ಬರುತ್ತಿದೆಯಾ ಅಂತ ಕೇಳಿಸಿಕೊಳ್ಳುತ್ತಿದ್ದೇನೆ. ಆದರೆ ಈ ಹಾರ್ನ್ ಗಲಾಟೆಯಲ್ಲಿ ಕೇಳಿಸುತ್ತಿಲ್ಲ."

"ಮೇಡಂ, ಈ ಹಳಿ ಎಲ್ಲಿಗೆ ಹೋಗುತ್ತದೆ ನೋಡಿ."

ನೋಡಿದೆ. ರಸ್ತೆ ದಾಟಿದ ಮೇಲೆ ಹಳಿ ಒಂದು ಗೋಡೆಯ ಬುಡಕ್ಕೆ ಹೋಗಿ ಮುಗಿದಿತ್ತು. ಗೋಡೆಗೆ ಒರಗಿಕೊಂಡು ಒಬ್ಬರು ಹಳಿಯ ಮೇಲೆ ಗಾಡಿ ಇಟ್ಟು ಹಣ್ಣು ಮಾರುತ್ತಿದ್ದರು.

ಹಾಲಿನ ಡಬ್ಬಿಗಳು

ಫೇಲಾದ ದುಃಖಕ್ಕೆ ಮರುದಿನ ರಜೆ ಹಾಕಿ ಮನೆ ಕೆಲಸ ಮಾಡಿಕೊಂಡಿದ್ದೆ. ಯೊಕೊಹಾಮಾದಲ್ಲಿ ಹಾಲಿನ ಕಾಗದದ ಡಬ್ಬಿಯನ್ನು ಹಾಗೆಯೇ ಕಸಕ್ಕೆ ಹಾಕುವಂತಿರಲಿಲ್ಲ. ಕತ್ತರಿಸಿ, ಬಿಡಿಸಿ, ತೊಳೆದು, ಒಣಗಿಸಿ ಕೊಡಬೇಕು. ಆ ಅಭ್ಯಾಸ ಹೋಗಿಲ್ಲ. ವಾರದ ಡಬ್ಬಿಗಳನ್ನೆಲ್ಲ ತೊಳೆದು ಹಿತ್ತಲಲ್ಲಿ ಬಟ್ಟೆ ಒಣಹಾಕುವ ದಾರಕ್ಕೆ ಕ್ಲಿಪ್ ಹಾಕಿ ತೂಗಿಸಿದ್ದೆ.

ನಮ್ಮ ಬೇಲಿಯಾಚೆ ಧಾರವಾಡದ ಕಡೆಯ ಒಬ್ಬ ಆಂಟಿ ಇದ್ದಾರೆ. ಮಾಳಿಗೆಯ ಕಿಟಕಿಯಿಂದ ಅವರಿಗೆ ನಮ್ಮ ಹಿತ್ತಲು ಪೂರ್ತಿ ಕಾಣುತ್ತದೆ. ಮಧ್ಯಾಹ್ನ ಬಾಗಿಲು ತಟ್ಟಿದರು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಒಂದು ಬಾಟಲಿ ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ.

"ಏನವ್ವಾ, ಕೆಲ್ಸ ಹೋತೇನು?"

"ಇಲ್ಲ ಆಂಟಿ, ಇನ್ನೂ ಇದೆ. ಲೈಸೆನ್ಸ್ ಸಿಗದಿದ್ದರೆ ಹೋಗಬಹುದು."

"ನನ್ನ ಮುಂದ ಮುಚ್ಚಿಡಬ್ಯಾಡ. ನಾ ಎಲ್ಲಾ ನೋಡೀನಿ. ಹಾಲಿನ ಡಬ್ಬಿ ಕೊರದು ತೊಳಕೊಂಡು ಕುಡಿಯೋ ಹಂಗ ಆಗ್ಯದ, ಮನಿ ಪಕ್ಕದಾಗ ನಾ ಇದ್ದೀನಿ, ಒಂದು ಮಾತು ಹೇಳಬಾರದೇನು?"

ನಾನು ಜಪಾನಿನ ಕಸದ ಪದ್ಧತಿಯನ್ನು ಎಷ್ಟು ವಿವರಿಸಿದರೂ ಅವರು ನಂಬಲಿಲ್ಲ. "ಹೂಂ, ಹೂಂ, ಕಸ ಅಂತ" ಎಂದು ನನ್ನ ಬೆನ್ನು ಸವರಿ, ಕಣ್ಣು ಒರೆಸಿಕೊಂಡು ಹೋದರು. ನನಗೆ ನಾಚಿಕೆಯಾಗಿ ಸಾಯುವಂತಾಯಿತು. ಸಂಜೆ ಮನೆಗೆ ಬಂದ ಗಂಡ ಎಣ್ಣೆಗಾಯಿ ಬಾಯಿಗಿಟ್ಟು ಬೆರಳು ನೆಕ್ಕಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು:

"ಇನ್ನೂ ಎರಡು ಹಾಲಿನ ಡಬ್ಬಿ ಫ್ರಿಜ್ಜಿನಲ್ಲಿವೆ. ಖಾಲಿ ಮಾಡಲಾ?"

ಎರಡನೆಯದು

ಇದು ಚಿಕ್ಕದು. ಪರೀಕ್ಷಕರು ಹೊರಗೆ ಬರುವ ಮೊದಲೇ ಕಾರಿನಲ್ಲಿ ತಯಾರಾಗಿರಬೇಕೆಂದು ಹೋಗಿ ಕೂತೆ. ಸೀಟು ಸರಿಮಾಡಿಕೊಂಡೆ, ಬೆಲ್ಟ್ ಹಾಕಿಕೊಂಡೆ, ದೇವರನ್ನು ನೆನೆದೆ. ಪರೀಕ್ಷಕ ಬಂದು ಬಾಗಿಲು ತೆರೆದು, ನನ್ನನ್ನು ನೋಡಿ, "ಇವತ್ತು ನಾನೇ ಡ್ರೈವ್ ಮಾಡಬೇಕಾ?" ಎಂದ. ಜಪಾನಿನ ಕಾರುಗಳಲ್ಲಿ ಮೈಸೂರಿನ ಹಾಗೆಯೇ ಸ್ಟಿಯರಿಂಗ್ ಬಲಗಡೆ, ಇಲ್ಲಿ ಎಡಗಡೆ. ನನ್ನ ಮುಂದೆ ಇದ್ದದ್ದು ಬರೀ ಗ್ಲವ್ ಬಾಕ್ಸ್.

ಅಲ್ಲಿಂದ ಎದ್ದು ಈಚೆ ಸೀಟಿಗೆ ಬಂದೆನಾದರೂ ಮನಸ್ಸು ಇನ್ನೂ ಜಪಾನಿನಲ್ಲೇ ಇತ್ತು. ಗೇಟಿನಿಂದ ಹೊರಗೆ ತಿರುಗಿದವಳು ಸೀದಾ ರಸ್ತೆಯ ಎಡಬದಿಗೆ, ಎದುರಿನಿಂದ ಬರುವ ಕಾರುಗಳ ಕಡೆಗೇ ಹೋದೆ. ಆ ಪರೀಕ್ಷೆ ಎಷ್ಟು ಬೇಗ ಮುಗಿಯಿತೆಂದರೆ, ಕಾಫಿ ತರಲು ಹೋಗಿದ್ದ ಗಂಡ ವಾಪಸ್ ಬರುವಷ್ಟರಲ್ಲಿ ನಾನು ಬೆಂಚಿನ ಮೇಲೆ ಕೂತಿದ್ದೆ. "ಇನ್ನೂ ಕರೆದಿಲ್ವಾ?" ಎಂದು ಕೇಳಿದರು.

ಮೂರನೆಯದು, ಸ್ಯಾನ್ ಡಿಯೇಗೊದಲ್ಲಿ

ಉಳಿದದ್ದು ಒಂದೇ ಅವಕಾಶ, ಒಂದೇ ವಾರ. ಲಾಸ್ ಏಂಜಲೀಸಿನಲ್ಲಿ ಎಲ್ಲೂ ದಿನ ಸಿಗಲಿಲ್ಲ. ಸಿಕ್ಕಿದ್ದು ಸ್ಯಾನ್ ಡಿಯೇಗೊದಲ್ಲಿ. ಮಗಳು ಅಲ್ಲೇ ಕಾಲೇಜು ಓದುತ್ತಿದ್ದಳು, ಹಿಂದಿನ ದಿನ ಪೂರ್ತಿ ಪಕ್ಕದಲ್ಲಿ ಕೂತು ಅಭ್ಯಾಸ ಮಾಡಿಸಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಈ ಕೆಲಸ ಹೋದರೆ ನಾನು ಮನೆಯಲ್ಲಿ ಕೂತು ಏನು ಮಾಡಲಿ, ಪುಟ್ಟೀ?"

"ಅಮ್ಮಾ, ಯು ವಿಲ್ ಬಿ ಫೈನ್. ಜಸ್ಟ್ ಒನ್ ಥಿಂಗ್. ನೋ ಪಾಯಿಂಟಿಂಗ್. ಪ್ಲೀಸ್."

ಪಾಯಿಂಟಿಂಗ್ ಎಂದರೆ ಏನೆಂದು ಹೇಳುತ್ತೇನೆ. ಯೊಕೊಹಾಮಾ ಬಂದರಿನಲ್ಲಿ ಕ್ರೇನುಗಳ ನಡುವೆ ಓಡಾಡುವಾಗ, ಸುಮ್ಮನೆ ಕಣ್ಣಿನಲ್ಲಿ ನೋಡಿದರೆ ಸಾಲದು. ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತೋರುಬೆರಳು ಚಾಚಿ, ಸರಿಯಾಗಿದೆ ಎಂದು ಗಟ್ಟಿಯಾಗಿ ಕೂಗಿ ಹೇಳಬೇಕು. ಹಾಗೆ ಮಾಡಿದರೆ ಮನಸ್ಸು ಬೇರೆಲ್ಲೂ ಹೋಗುವುದಿಲ್ಲವಂತೆ. ಮೇಲಧಿಕಾರಿಯಿಂದ ಹಿಡಿದು ಎಲ್ಲರೂ ಮಾಡುತ್ತಿದ್ದರು. ಅವರು ಜಪಾನಿ ಭಾಷೆಯಲ್ಲಿ ಕೂಗುತ್ತಿದ್ದರು. ನನಗೆ ಗಾಬರಿಯಾದಾಗ ಬಾಯಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ.

ಮಗಳಿಗೆ ಮಾತು ಕೊಟ್ಟೆ. ಆದರೆ ಈ ಸಲದ ಪರೀಕ್ಷಕ ಮಿಲಿಟರಿಯವರ ಹಾಗಿದ್ದ, ಚಿಕ್ಕ ಕ್ರಾಪು, ನಗುವೇ ಇಲ್ಲ. "ಹೊರಡಿ" ಎಂದ. ಮೊದಲ ಸ್ಟಾಪ್ ಬೋರ್ಡಿನ ಮುಂದೆ ಕಾರು ನಿಂತದ್ದೇ ತಡ, ನನ್ನ ಬೆರಳು ಮೇಲೆದ್ದಿತು.

"ಎಡಗಡೆ ಸರಿ! ಬಲಗಡೆ ಸರಿ!"

ಅವನು ಬೆಚ್ಚಿಬಿದ್ದ. ಮುಗಿಯಿತು ಎಂದುಕೊಂಡೆ. ಆದರೆ ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ಪ್ರತಿ ಸಿಗ್ನಲಿನಲ್ಲೂ "ದೀಪ ಸರಿ! ಮುಂದೆ ಸರಿ!" ನಾಯಿ ಹಿಡಿದುಕೊಂಡು ರಸ್ತೆ ದಾಟುತ್ತಿದ್ದವರು ಕಂಡರೆ "ಅಜ್ಜ ಸರಿ! ನಾಯಿ ಸರಿ!" ಮೊದಮೊದಲು ಅವನು ನನ್ನ ಮುಖ ನೋಡುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ನನ್ನ ಬೆರಳು ಎತ್ತ ಹೋಗುತ್ತದೋ ಅತ್ತಲೇ ಅವನ ತಲೆ ತಿರುಗತೊಡಗಿತು. ಕೊನೆಯ ತಿರುವಿನಲ್ಲಂತೂ ನಾನು ಬಲಗಡೆ ತೋರಿಸುವ ಮೊದಲೇ ಅವನು ಅತ್ತ ನೋಡಿ ಮುಗಿಸಿದ್ದ.

ವಾಪಸ್ ಬಂದು ಕಾರು ನಿಲ್ಲಿಸಿದೆ. ಬೆನ್ನೆಲ್ಲ ಬೆವರು.

"ಮೇಡಂ, ಇದು ಯಾವ ಭಾಷೆಯೋ ನನಗೆ ಗೊತ್ತಿಲ್ಲ" ಎಂದ. "ಎಲ್ಲರೂ ನೋಡಿದೆ ನೋಡಿದೆ ಅನ್ನುತ್ತಾರೆ, ನಾನು ನಂಬಬೇಕು. ನೀವು ನಿಜವಾಗಿಯೂ ನೋಡಿದ್ದು ನನಗೆ ಕೇಳಿಸಿತು. ಪಾಸ್."

ನನಗೆ ಅಳು ಬಂದುಬಿಟ್ಟಿತು. ಕೆಲಸ ಉಳಿಯಿತು! ಅವನು ಇಳಿಯಲು ಬಾಗಿಲಿಗೆ ಕೈ ಹಾಕಿದವನು, ಏನೋ ನೆನಪಾದಂತೆ ತಡೆದು, ಕಿಟಕಿಯಾಚೆ ಒಂದು ಸಲ, ಹಿಂದೆ ಒಂದು ಸಲ ಬೆರಳು ಚಾಚಿದ.

"ಸರೀ!" ಎಂದು ಗಟ್ಟಿಯಾಗಿ ಕೂಗಿ ಇಳಿದ. ಕಚೇರಿಯ ಬಾಗಿಲವರೆಗೂ ಎಡಕ್ಕೆ ತೋರಿಸುತ್ತಾ, ಬಲಕ್ಕೆ ತೋರಿಸುತ್ತಾ ಹೋದ.

ಹೊರಗೆ ಉಗುರು ಕಚ್ಚುತ್ತಾ ಕಾಯುತ್ತಿದ್ದ ಮಗಳು ಅವನನ್ನು ನೋಡಿದಳು, ಓಡಿ ಬಂದು ಕಿಟಕಿಗೆ ತಲೆ ಹಾಕಿದಳು. ಪಾಸಾದೆಯಾ, ಫೇಲಾದೆಯಾ ಎಂದು ಕೇಳಲೇ ಇಲ್ಲ. ಹುಟ್ಟಿ ಇಷ್ಟು ವರ್ಷಕ್ಕೆ ಮೊದಲ ಸಲ ಪೂರ್ತಿ ಕನ್ನಡದಲ್ಲಿ ಮಾತಾಡಿದಳು:

"ಅಮ್ಮಾ, ಅವನಿಗೆ ಏನು ಮಾಡಿದೆ?"