ಧೋಬಿ ತಲಾವಿನ ನೀರು

ಒಂದು ಊರನ್ನು ಚೆನ್ನಾಗಿ ತಿಳಿದುಕೊಳ್ಳಬೇಕಾದರೆ ಆ ಊರಿಗೆ ಹೋಗಬಾರದು. ಹೋದವರಿಗೆ ಹೊಟ್ಟೆ ಕೆಡುತ್ತದೆ, ಗಂಟು ಕಳೆಯುತ್ತದೆ, ಇಳಿದುಕೊಂಡ ಓಣಿಯೊಂದನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಮನೆಯಲ್ಲಿ ಕುಳಿತವನಿಗೆ ಇಡೀ ಊರು ಕಾಣುತ್ತದೆ. ಈ ನಂಬಿಕೆಯ ಮೇಲೆ ನಾನು ಬೆಳಗಾವಿಯಲ್ಲೇ ಕುಳಿತು, ಆಗಿನ ನಮ್ಮ ಪ್ರಾಂತದ ರಾಜಧಾನಿಯಾದ ಮುಂಬಯಿಯ ವಿಷಯದಲ್ಲಿ ದೊಡ್ಡ ಪಂಡಿತನೆನಿಸಿಕೊಂಡಿದ್ದೆ. ಈಗಲೇ ಒಪ್ಪಿಕೊಂಡುಬಿಡುತ್ತೇನೆ: ಆಗ ನಾನು ಮಿರಜ ದಾಟಿದವನೇ ಅಲ್ಲ.

ನನ್ನ ಪಾಂಡಿತ್ಯಕ್ಕೆ ಆಧಾರಗಳು ಎರಡು. ಒಂದು, ನನ್ನ ನೌಕರಿ. ನಾನು ಕಚೇರಿಯಲ್ಲಿ ಕಾರಕೂನ. ಮುಂಬಯಿಯಿಂದ ಬರುವ ಲಕೋಟೆಗಳನ್ನು ಒಡೆಯುವ ಅಧಿಕಾರ ನನ್ನದು. ದಿನವೂ ಒಂದು ಊರಿನ ಲಕೋಟೆ ಒಡೆಯುವವನಿಗೆ ಆ ಊರು ಗೊತ್ತಿಲ್ಲ ಎಂದು ಯಾರು ತಾನೇ ಅಂದಾರು? ಇನ್ನೊಂದು, ದಂಡಿನ ಕ್ಯಾಂಪಿನಲ್ಲಿ ವಿಲಾಯಿತಿಗೆ ಹೊರಟ ಯಾವನೋ ಸಾಹೇಬನ ಸಾಮಾನು ಲಿಲಾವಿಗೆ ಬಂದಾಗ ನನ್ನ ಪಾಲಿಗೆ ಬಂದ ಮುಂಬಯಿಯ ವರ್ಣನೆಯ ಪುಸ್ತಕ. ಅದಕ್ಕೆ ರಟ್ಟು ಇರಲಿಲ್ಲ, ಮೊದಲ ಪುಟಗಳಿರಲಿಲ್ಲ. ಕೆಲವು ಪುಟಗಳ ಕೆಳಗಿನ ಅರ್ಧವನ್ನು ಗೆದ್ದಲು ತಿಂದಿತ್ತು. ಗೆದ್ದಲು ತಿಂದಷ್ಟನ್ನು ನಾನು ಸ್ವಂತ ಬುದ್ಧಿಯಿಂದ ತುಂಬಿಕೊಳ್ಳುತ್ತಿದ್ದೆ.

ಹಬ್ಬಕ್ಕೆ ಖಾನಾಪುರದ ಮಾವನ ಮನೆಗೆ ಹೋದಾಗಲೆಲ್ಲ ಜಗಲಿಯ ಮೇಲೆ ನನ್ನ ಮುಂಬಯಿ ಪುರಾಣ ನಡೆಯುತ್ತಿತ್ತು. ಮುಂಬಯಿ ಮೊದಲು ಏಳು ದ್ವೀಪಗಳಾಗಿತ್ತು, ಅದನ್ನು ಪೋರ್ತುಗೀಜರು ತಮ್ಮ ರಾಜಕುಮಾರಿಯ ಮದುವೆಯಲ್ಲಿ ಇಂಗ್ಲಿಷ್ ರಾಜನಿಗೆ ಬಳುವಳಿಯಾಗಿ ಕೊಟ್ಟರು ಎಂದು ನಾನು ಒಮ್ಮೆ ಹೇಳಿದೆ. ಹೇಳುವಾಗ ನನಗೆ ಗೊತ್ತಿಲ್ಲದೆಯೇ ಒಂದು ನಿಟ್ಟುಸಿರು ಬಿಟ್ಟಿರಬೇಕು. ಮಾವನವರು ಅಡಕೆ ಕತ್ತರಿಸುವುದನ್ನು ನಿಲ್ಲಿಸಿ, "ಅವಗ ಮುಂಬೈ ಕೊಟ್ರು, ನಿಮಗ ನಾವು ಎಮ್ಮಿ ಕೊಟ್ವಿ. ಖರೇ ಅದ. ಆದರ ಎಮ್ಮಿ ಹಾಲರೆ ಕೊಡತದ," ಎಂದರು. ಜಗಲಿ ನಕ್ಕಿತು. ಆದರೂ ಅವರಿಗೆ ನನ್ನ ಮೇಲೆ ಅಭಿಮಾನ. ನಾನಿಲ್ಲದಾಗ ಆ ಕಥೆಗಳನ್ನೆಲ್ಲ ಅವರೇ ಹೇಳುತ್ತಿದ್ದರಂತೆ, "ನಮ್ಮ ಅಳಿಯಂದಿರು ಹೇಳ್ಯಾರ" ಎಂಬ ಮೊಹರು ಒತ್ತಿ.

ಅಭಿಮಾನವಿಲ್ಲದವಳು ನನ್ನ ಹೆಂಡತಿ ಒಬ್ಬಳೇ. "ಮುಂಬೈದಾಗಿನ ಗಡಿಯಾರದ ಗೋಪುರ ಎಷ್ಟು ಎತ್ತರ ಅದ ಅಂತ ಗೊತ್ತದ ನಿಮಗ. ನಮ್ಮ ಬೆಳಗಾವಿ ಕೋಟಿಯೊಳಗ ಬಸದಿ ಅದಲ್ಲ, ಅದರ ಮಾಡಿನಾಗ ಕಲ್ಲಿನ ಕಮಲ ಅದ ಅಂತಾರ. ಒಮ್ಮಿ ತೋರಸ್ರಿ," ಎಂದು ಅವಳು ಮದುವೆಯಾದ ವರ್ಷದಿಂದ ಕೇಳುತ್ತಿದ್ದಳು. ಕೋಟೆ ನಮ್ಮ ಮನೆಯಿಂದ ಅರ್ಧ ತಾಸಿನ ದಾರಿ. ಇಷ್ಟು ಹತ್ತಿರವಿರುವುದನ್ನು ಯಾವಾಗ ಬೇಕಾದರೂ ನೋಡಬಹುದು ಎಂದು ನಾನು ಮುಂದೆ ಹಾಕುತ್ತಲೇ ಇದ್ದೆ.

ಹೀಗಿರುವಾಗ ಮಾವನವರ ಹೊಲದ ಬದುವಿನ ದಾವೆ ಮುಂಬಯಿಯ ಹೈಕೋರ್ಟಿಗೆ ಹೋಗಿ ನಿಂತಿತು. ನಾಲ್ಕು ದಿನ ಅಲ್ಲಿಗೆ ಬಂದಿರಬೇಕೆಂದು ವಕೀಲರು ಬರೆದರು. ಮಾವನವರಿಗೆ ದಾವೆಯ ಚಿಂತೆ ಇರಲಿಲ್ಲ, ಇದ್ದದ್ದು ಸ್ನಾನದ ಚಿಂತೆ. ನಸುಕಿನಲ್ಲಿ ಮಲಪ್ರಭೆಗೆ ಹೋಗಿ ಮೂರು ಮುಳುಗು ಹಾಕದೆ ಅವರು ಬಾಯಿಗೆ ಹನಿ ನೀರು ಹಾಕಿದವರಲ್ಲ. ನಳದ ನೀರು ಅವರಿಗೆ ನಡೆಯದು, ತಿರುಪಿನೊಳಗೆ ಚರ್ಮದ ತುಂಡು ಇರುತ್ತದೆಂದು ಯಾರೋ ಹೇಳಿದ್ದರು. ಸಮುದ್ರವನ್ನು ಪರ್ವಕಾಲ ಬಿಟ್ಟು ಬೇರೆ ದಿನ ಮುಟ್ಟುವಂತಿಲ್ಲ. ಅವರು ಗಾಡಿ ಹತ್ತಿ ನೆಟ್ಟಗೆ ಬೆಳಗಾವಿಗೆ ಬಂದು, "ಅಳಿಯಂದಿರ, ಮುಂಬೈದಾಗ ಮುಳುಗು ಹಾಕಾಕ ನೀರು ಎಲ್ಲಿ ಅದ? ಅಥವಾ ನೀವs ಸಂಗಡ ಬರ್ರಿ," ಎಂದರು.

ರಜೆ ಸಿಗುವುದಿಲ್ಲ ಎಂದೆ. ಕೇಳಿದ್ದರೆ ಸಿಗುತ್ತಿತ್ತು, ನಾನು ಕೇಳಲಿಲ್ಲ. ಸಂಗಡ ಹೋಗಿ ಸ್ಟೇಶನ್ನಿನ ಹೊರಗೆ ನಿಂತು ಎಡಕ್ಕೋ ಬಲಕ್ಕೋ ಎಂದು ಬಾಯಿ ಬಿಟ್ಟರೆ ಇಷ್ಟು ವರ್ಷದ ಪಾಂಡಿತ್ಯ ಮಣ್ಣುಪಾಲಾಗುತ್ತಿತ್ತು. ಬದಲಿಗೆ ಪುಸ್ತಕ ತೆಗೆದೆ. ಒಂದು ಪುಟದ ನಡುವೆ 'ಧೋಬಿ ತಲಾವ', ಅಂದರೆ ಅಗಸರ ಕೆರೆ, ಎಂದಿತ್ತು. ಅದರ ಕೆಳಗಿನದೆಲ್ಲ ಗೆದ್ದಲಿನ ಪಾಲು. ಆದರೆ ಹೆಸರಿಗಿಂತ ಹೆಚ್ಚು ಏನು ಬೇಕು? ನಮ್ಮ ಬೆಳಗಾವಿಯಲ್ಲಿ ಕೋಟೆ ಎಂದರೆ ಕೋಟೆ ಇದೆ, ಕಲ್ಲು ಕಲ್ಲಾಗಿ. ಅದರ ಮುಂದೆ ಕೆರೆ ಎಂದರೆ ಕೆರೆ ಇದೆ, ನೀರಿನೊಂದಿಗೆ. ತಲಾವು ಎಂದು ಕರೆದ ಮೇಲೆ ತಲಾವು ಇರಲೇಬೇಕು.

"ಅರಿವಿ ಒಗಿಯೋ ನೀರಾಗ ಜಳಕಾ ಹ್ಯಾಂಗ ಮಾಡೂದು?" ಎಂದು ಮಾವನವರು ಅನುಮಾನಪಟ್ಟರು.

"ಮ್ಯಾಲಿನ ಪಾವಟಿಗಿ ಜಳಕಕ್ಕ, ಕೆಳಗಿನವು ಒಗ್ಯಾಣಕ್ಕ. ನಡುವ ಕಲ್ಲಿನ ಗ್ವಾಡಿ ಅದ," ಎಂದೆ. ಆ ಗೋಡೆಯನ್ನು ನಾನು ಆ ಕ್ಷಣದಲ್ಲೇ ಕಟ್ಟಿದ್ದು. ಆಮೇಲೆ ಕೈಗೆ ಹುರುಪು ಬಂದು ಒಂದು ಚೀಟಿಯನ್ನೂ ಬರೆದೆ: ಬೋರಿ ಬಂದರದ ಸ್ಟೇಶನ್ನಿನಲ್ಲಿ ಇಳಿಯತಕ್ಕದ್ದು, ಬಂದರದ ಹಡಗುಗಳನ್ನು ಬೆನ್ನಿಗೆ ಹಾಕಿ ನಡೆಯತಕ್ಕದ್ದು, ತಲಾವು ಬಂದೊಡನೆ ಮೇಲಿನ ಮೆಟ್ಟಿಲುಗಳಿಗೆ ಹೋಗತಕ್ಕದ್ದು. ಮಾವನವರು ಅದನ್ನು ಮಡಚಿ ಜನಿವಾರದ ಗಂಟಿಗೆ ಕಟ್ಟುವಷ್ಟು ಜೋಪಾನದಿಂದ ಒಳಗಿನ ಕಿಸೆಗೆ ಸೇರಿಸಿದರು.

ಎಂಟು ದಿನಕ್ಕೆ ಮರಳಿ ಬಂದರು. ಅವರನ್ನು ಖಾನಾಪುರಕ್ಕೆ ಮುಟ್ಟಿಸಲು ನಾನೂ ಹೋದೆ. ಅವರ ಎರಡೂ ಪಾದಗಳಿಗೆ ಬಟ್ಟೆ ಸುತ್ತಿತ್ತು. ಕೇಳಿದರೆ, "ಬೂಟು ಕಾಲಿನ ಊರು ಅದು, ಬರಿಗಾಲಿಗೆ ಒಗ್ಗೂದಿಲ್ಲ," ಎಂದರು. ದಾವೆ ಸೋತಿದ್ದರು. ಆದರೆ ಜಗಲಿಯಲ್ಲಿ ಕೂಡಿದ ಜನಕ್ಕೆ ಅವರು ಬದುವಿನ ಮಾತೇ ಆಡಲಿಲ್ಲ. "ಅಳಿಯಂದಿರು ಬರದಂಗನs ಅದ ನೋಡ್ರಿ. ಮ್ಯಾಲೆ ಜಳಕಾ, ಕೆಳಗ ಒಗ್ಯಾಣ, ನಡುವ ಗ್ವಾಡಿ," ಎಂದರು. ನನಗೆ ಹಿಗ್ಗಾಯಿತು. ಸುಳ್ಳು ಹೇಳುವುದೇಕೆ, ಗೋಡೆಯನ್ನು ಕಟ್ಟಿದವನು ನಾನೇ ಎಂಬುದನ್ನು ಕೂಡ ಮರೆತು, ನನ್ನ ಊಹೆಯ ಶಕ್ತಿಗೆ ನಾನೇ ತಲೆದೂಗಿದೆ.

ಕೀರ್ತಿ ಎಷ್ಟು ಬೆಳೆಯಿತೆಂದರೆ ಮರುವರ್ಷ ನಮ್ಮ ಸಾಹೇಬರು, ಮುಂಬಯಿ ಬಲ್ಲವನು ನೀನೊಬ್ಬನೇ ಎಂದು ಕಾಗದಗಳ ಪೆಟ್ಟಿಗೆಯೊಂದನ್ನು ಕೊಟ್ಟು ನನ್ನನ್ನೇ ಅಲ್ಲಿಗೆ ಕಳಿಸಿದರು. ಬೋರಿ ಬಂದರದಲ್ಲಿ ಇಳಿದು ಹಡಗುಗಳನ್ನು ಹುಡುಕಿದೆ. ಅರಮನೆಯಂಥ ಸ್ಟೇಶನ್ನು, ಕುದುರೆಗಾಡಿಗಳು, ಟ್ರಾಮು. ಹಡಗು ಮಾತ್ರ ಒಂದೂ ಇಲ್ಲ. ಅಲ್ಲಿಯವರು ಕೋಟೆ ಎಂದು ಕರೆಯುವ ಭಾಗದಲ್ಲಿ ಗೋಡೆಯ ಒಂದು ಕಲ್ಲೂ ಇಲ್ಲ. ಚರ್ಚಗೇಟಿನಲ್ಲಿ ಗೇಟಿಲ್ಲ. ಕೊನೆಗೆ ಧೋಬಿ ತಲಾವಿಗೆ ಬಂದೆ. ಅಲ್ಲಿ ಟ್ರಾಮುಗಳು ಗಂಟೆ ಬಾರಿಸುತ್ತ ತಿರುಗುತ್ತಿದ್ದವು. ಕೆರೆ ಇರಬೇಕಾದ ಜಾಗದಲ್ಲಿ ಒಂದು ವಾಚನಾಲಯ ನಿಂತಿತ್ತು. ಒಳಗೆ ಜನ ಪತ್ರಿಕೆ ಓದುತ್ತಿದ್ದರು.

ಹತ್ತಿರದ ಗಿರಗಾವದ ಒಂದು ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಖಾನಾಪುರದ ದತ್ತೋಪಂತರಿದ್ದರು. ಮಾವನವರು ಇಳಿದುಕೊಂಡದ್ದು ಅವರ ಖೋಲಿಯಲ್ಲೇ. ನಾನೂ ಅಲ್ಲಿಗೇ ಹೋದೆ. ಊಟಕ್ಕೆ ಕುಳಿತಾಗ ಅವರು ಹೇಳಿದರು: "ನಿಮ್ಮ ಮಾವನೋರು ತಂಬಗಿ, ಮಡಿ ಪಂಜಿ ಹಿಡಕೊಂಡು ತಲಾವ ಎಲ್ಲದ ಅಂತ ಕೇಳಕೋತ ನಿಂತಿದ್ರು. ಜನ ನಗಾಕತ್ತಿದ್ರು. ಕೆರಿ ಮುಚ್ಚಿ ಭಾಳ ವರ್ಷ ಆತ್ರಿ ಅಂತ ನಾ ಹೇಳಿದೆ. 'ಅಳಿಯಂದಿರು ಬರದಾರ ಅಂದ ಮ್ಯಾಲೆ ಕೆರಿ ಇರಬೇಕು. ಮುಚ್ಚಿದ್ದು ಇವರ ತಪ್ಪು,' ಅಂದ್ರು. ಆಮ್ಯಾಲೆ ನಾಲ್ಕೂ ದಿನ ವಾಳಕೇಶ್ವರದ ಬಾಣಗಂಗಾಕ್ಕ ನಡದs ಹೋದ್ರು. ಬರೂವಾಗ ಮಡಿ, ಟ್ರಾಮು ಹತ್ತೂ ಹಾಂಗಿಲ್ಲ, ಚಪ್ಪಲಿ ಮೆಟ್ಟೂ ಹಾಂಗಿಲ್ಲ. ಊರಾಗ ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಮಾಡಿಸ್ಯಾರ. ನೀವು ಊರವರಲ್ಲ, ಅಳಿಯಂದಿರು, ಅದಕ್ಕ ಹೇಳಿದೆ."

ಮರುದಿನ ಬೆಳಿಗ್ಗೆ ಆ ದಾರಿಯನ್ನು ನಾನೂ ನಡೆದೆ. ಚೌಪಾಟಿಯ ಉಸುಕು ದಾಟಿ, ಗುಡ್ಡ ಹತ್ತಿ, ಮತ್ತೆ ಪಾವಟಿಗೆ ಇಳಿದು. ಕಾಲಲ್ಲಿ ಬೂಟು ಇದ್ದೂ ನನಗೆ ಸಾಕುಸಾಕಾಯಿತು. ಸಮುದ್ರದ ಪಕ್ಕದಲ್ಲೇ ಸಿಹಿನೀರಿನ ಕೆರೆ. ರಾಮನ ಬಾಣದಿಂದ ಹುಟ್ಟಿದ್ದಂತೆ. ಅದರ ವರ್ಣನೆ ನನ್ನ ಪುಸ್ತಕದಲ್ಲೂ ಇತ್ತು, ಗೆದ್ದಲು ಮುಟ್ಟದ ಪುಟದಲ್ಲಿ, ಪೂರ್ತಿಯಾಗಿ. ಅಂದು ಚೀಟಿ ಬರೆಯುವಾಗ ನಾನು ಅಲ್ಲಿಯವರೆಗೆ ಪುಟ ತಿರುವಿರಲಿಲ್ಲ. ಆ ಪಾವಟಿಗೆಯ ಮೇಲೆ ಕುಳಿತಾಗ ನನಗೆ ಬಹಳ ನಾಚಿಕೆಯಾಯಿತು.

ತಪ್ಪೊಪ್ಪಿಕೊಳ್ಳಬೇಕೆಂದೇ ಖಾನಾಪುರಕ್ಕೆ ಹೋದೆ. ಆದರೆ ಜಗಲಿ ತುಂಬಿತ್ತು. ನೆರೆಮನೆಯ ಅನಂತಪ್ಪ ಮೊದಲೇ ಕೇಳಿಬಿಟ್ಟ: "ಏನ್ರಿ, ತಲಾವ ನೋಡಿದ್ರೋ ಇಲ್ಲೋ?"

ಮಾವನವರ ಅಡಕೊತ್ತು ನಿಂತಿತು. ಅವರು ನನ್ನ ಮುಖ ನೋಡಲಿಲ್ಲ, ಅಡಕೆಯನ್ನೇ ನೋಡುತ್ತಿದ್ದರು. ನಾನು ಅವರ ಪಾದಗಳನ್ನು ನೋಡಿದೆ.

"ನೋಡಿದೆ. ಮಾವನೋರು ಹೇಳಿದ್ದು ಕಡಿಮಿನs ಆತು. ನೀರು ಎಷ್ಟು ತಿಳಿ ಅದ ಅಂದ್ರ ತಳದ ಕಲ್ಲು ಕಾಣತಾವ," ಎಂದೆ.

ಅಡಕೊತ್ತು ಮತ್ತೆ ಆಡಿತು. ಆದರೆ ಅನಂತಪ್ಪ, "ಛಲೋ ಆತು. ಬರೂ ಸೋಮವಾರ ನಾನೂ ಹೊಂಟೇನಿ. ಅಲ್ಲೇ ಜಳಕಾ ಮಾಡತೇನಿ, ಒಂದು ಚೀಟಿ ಬರದು ಕೊಡ್ರಿ," ಎಂದುಬಿಟ್ಟ.

"ನೀ ವಾಳಕೇಶ್ವರಕ್ಕ ಹೋಗು," ಎಂದರು ಮಾವನವರು ತಣ್ಣಗೆ. "ಈ ತಲಾವ ದುರಸ್ತಿಗೆ ತಗೋತಾರಂತ."

"ಈಗರೆ ತಿಳಿನೀರು ಅಂದ್ರಲ್ಲ?"

"ಕೆಟ್ಟ ಮ್ಯಾಲೆ ದುರಸ್ತಿ ಮಾಡಾಕ ಅದೇನು ನಮ್ಮೂರೇನು? ರಾಜಧಾನಿ ಅದು."

ಆಮೇಲೆ ಮಾವನವರ ಮತ್ತು ನನ್ನ ನಡುವೆ ಆ ಕೆರೆಯ ಮಾತು ಬರಲೇ ಇಲ್ಲ. ಬೆಳಗಾವಿಗೆ ಬಂದು, ಗೆದ್ದಲು ತಿಂದ ಪುಟಕ್ಕೆ ಒಂದು ತುಂಡು ಕಾಗದ ಅಂಟಿಸಿ, 'ದುರಸ್ತಿಯಲ್ಲಿದೆ' ಎಂದು ಬರೆದು ಪುಸ್ತಕವನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಇನ್ನು ಕಣ್ಣಾರೆ ಕಾಣದ ಮಾತು ಆಡಬಾರದೆಂದು ನಿಶ್ಚಯಿಸಿ, ಅದರ ಗುರುತಿಗೆ ಆ ಭಾನುವಾರವೇ ಹೆಂಡತಿಯನ್ನು ಕೋಟೆಯೊಳಗಿನ ಬಸದಿಗೆ ಕರೆದುಕೊಂಡು ಹೋದೆ. ಬಸದಿ ಇತ್ತು. ಮಾಡಿನಲ್ಲಿ ಕಲ್ಲಿನ ಕಮಲವೂ ಇತ್ತು. ಅವಳು ಬಹಳ ಹೊತ್ತು ಕತ್ತೆತ್ತಿ ನೋಡಿ, "ಎಷ್ಟು ಎಸಳು ಇರಬೇಕ್ರಿ?" ಎಂದಳು.

"ಎಪ್ಪತ್ತೆರಡು," ಎಂದೆ, ತಡಮಾಡದೆ.

ಅವಳು ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಬೆರಳೆತ್ತಿ, ಒಂದರಿಂದ ಎಣಿಸಲು ಶುರುಮಾಡಿದಳು.